ಯಾವ ವಯಸ್ಸಿಗೆ ಎಷ್ಟು ಹುಲಿ?

ಬೇಸಿಗೆ ರಜೆ ಹತ್ತಿರ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಶುರುವಾಗುತ್ತವೆ. "ಅಕ್ಕ, ನಮ್ಮ ಹುಡುಗ ಏಳನೇ ಕ್ಲಾಸು. ಮೊಬೈಲ್ ಕೆಳಗಿಡ್ತಿಲ್ಲ. ಯಾವ್ದಾದ್ರೂ ಸಾಹಸದ ಪುಸ್ತಕ ಇದ್ರೆ ಹೇಳಿ." ಪತ್ರಿಕೋದ್ಯಮ ಓದಿದವರಿಗೆ ಪುಸ್ತಕಗಳೆಲ್ಲ ಗೊತ್ತಿರುತ್ತವೆ ಅಂತ ನಮ್ಮ ಕಡೆಯವರ ಲೆಕ್ಕ.

ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಒಂದು, ಎದ್ದೇಳದೆ ಎಷ್ಟು ಪುಟ ಓದ್ತಾನೆ? ಎರಡು, ಕತ್ತಲಾದ ಮೇಲೆ ಒಬ್ಬನೇ ಹಿತ್ತಲಿಗೆ ಹೋಗ್ತಾನಾ?

ಎರಡನೆಯದಕ್ಕೆ ಎಲ್ಲರೂ ನಗುತ್ತಾರೆ. ನನಗೆ ಮಾತ್ರ ಅದೇ ಮುಖ್ಯ. ಸಾಹಸದ ಕತೆ ನಡೆಯುವುದೇ ಭಯದ ಮೇಲೆ. ಭಯ ಜಾಸ್ತಿಯಾದರೆ ಮಗು ಪುಸ್ತಕ ಮುಚ್ಚಿಡುತ್ತದೆ, ಕಡಿಮೆಯಾದರೆ ಆಕಳಿಸುತ್ತದೆ. ಏಳನೇ ಕ್ಲಾಸಿನ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ನರಭಕ್ಷಕ ಚಿರತೆ ಬೇಕು, ಇನ್ನೊಬ್ಬನಿಗೆ ಬೆಕ್ಕು ಸಾಕು. ಪುಸ್ತಕದ ಹಿಂದೆ ಅಚ್ಚಾಗಿರುವ ವಯಸ್ಸು ಇದನ್ನು ಹೇಳುವುದಿಲ್ಲ. ಮನೆಯವರೇ ನೋಡಿ ಅಳೆಯಬೇಕು. ಕೆಳಗೆ ನಾನು ಬರೆಯುವ ವಯಸ್ಸುಗಳನ್ನೂ ಅಂದಾಜು ಅಂತಲೇ ತಿಳಿದುಕೊಳ್ಳಿ.

ಐದಾರು ವರ್ಷದವರಿಗೆ ಪುಸ್ತಕ ಕೈಗೆ ಕೊಡುವುದಕ್ಕಿಂತ ಓದಿ ಹೇಳುವುದು ಒಳ್ಳೆಯದು. ಪುಣ್ಯಕೋಟಿ ಕತೆ ನಮಗೆಲ್ಲ ಸತ್ಯದ ಪಾಠವಾಗಿ ನೆನಪಿದೆ. ಕೇಳುವ ಮಗುವಿಗೆ ಅದು ಪಾಠವೇ ಅಲ್ಲ. ಹುಲಿ ಕಾಯ್ತಾ ಕೂತಿದೆ, ಹಸು ವಾಪಸ್ ಹೋಗ್ತಿದೆ, ಮುಂದೇನು? ಮಗು ನಮ್ಮ ಸೆರಗು ಹಿಡಿದುಕೊಳ್ಳುವುದು ಅಲ್ಲಿ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯೂ ಹಾಗೆಯೇ. ಇಲಿಗಳ ಹಿಂಡು ನದಿಗೆ ಬೀಳುವವರೆಗೆ ನಗು, ಊರ ಮಕ್ಕಳೆಲ್ಲ ಜೋಗಿಯ ಹಿಂದೆ ಹೊರಟಾಗ ಮೌನ. "ಆ ಮಕ್ಕಳು ಎಲ್ಲಿ ಹೋದ್ರು?" ಅಂತ ಕೇಳಿದರೆ ಸಮಾಧಾನಕ್ಕೆ ಏನೋ ಒಂದು ಹೇಳಬೇಡಿ. "ನೀನೇ ಹೇಳು" ಅನ್ನಿ. ನನ್ನ ಅಕ್ಕನ ಮಗಳು ಆ ಬೆಟ್ಟದೊಳಗೆ ಒಂದು ಅಂಗಡಿ, ಒಂದು ಕೆರೆ, ಎರಡು ನಾಯಿ ಇಟ್ಟಿದ್ದಾಳೆ.

ಫೋನಿನಲ್ಲೇ ಓದಿಸಬೇಕು ಅನ್ನುವವರಿಗೆ ಪ್ರಥಮ್ ಬುಕ್ಸ್‌ನವರ 'ಸ್ಟೋರಿವೀವರ್' ಇದೆ. ಕನ್ನಡದ ಚಿತ್ರಕತೆಗಳು ಪುಕ್ಕಟೆ ಸಿಗುತ್ತವೆ, ಓದುವ ಶಕ್ತಿ ನೋಡಿ 1ರಿಂದ 4ರವರೆಗೆ ಹಂತ ಮಾಡಿದ್ದಾರೆ, ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದಾಗಲೂ ಓದಬಹುದು. ಐದನೇ ಕ್ಲಾಸಿನ ಮಗು ಅಕ್ಷರ ಕೂಡಿಸಿ ಓದುತ್ತಿದ್ದರೆ 2ನೇ ಹಂತದಿಂದಲೇ ಶುರು ಮಾಡಿ. ನಾಚಿಕೆಪಡುವಂಥದ್ದು ಏನೂ ಇಲ್ಲ.

ಎಂಟರಿಂದ ಹತ್ತು ವರ್ಷದವರಿಗೆ ಹಳೆ 'ಚಂದಮಾಮ' ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಬೇತಾಳನ ಕತೆ ಚಿಕ್ಕದು, ಕೊನೆಗೊಂದು ಪ್ರಶ್ನೆ, ಮೂರು ನಾಲ್ಕು ಪುಟದಲ್ಲಿ ಮುಗಿಯುತ್ತದೆ. ಹೊಸ ಕಾದಂಬರಿಗಳೂ ಇವೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಕನ್ನಡ ಪುಸ್ತಕಗಳ ಹೆಸರು ಬರೆದಿಟ್ಟುಕೊಂಡರೆ ಅಂಗಡಿಯಲ್ಲಿ ಕೇಳುವುದು ಸುಲಭ: ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' (2011), ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ' (2021), ತಮ್ಮಣ್ಣ ಬೀಗಾರ ಅವರ 'ಬಾವಲಿ ಗುಹೆ' (2022). ಮಕ್ಕಳ ಮುಂದೆ ಈ ಮೂರನ್ನೂ ಹರಡಿ ನೋಡಿ. ಮೊದಲು ಕೈ ಹೋಗುವುದು ಗುಹೆಗೆ, ಆಮೇಲೆ ಓಡಿ ಹೋದವನಿಗೆ. ಹೆಸರೇ ಅರ್ಧ ಕೆಲಸ ಮಾಡಿರುತ್ತದೆ.

ಕಷ್ಟ ಇರುವುದು ಹನ್ನೊಂದರಿಂದ ಹದಿನಾಲ್ಕರ ನಡುವೆ. ಓದುವ ಮಕ್ಕಳು ಓದು ಬಿಡುವುದು ಈ ವಯಸ್ಸಿನಲ್ಲಿ. ಚಿಕ್ಕ ಮಕ್ಕಳ ಪುಸ್ತಕ ಕೊಟ್ಟರೆ ಅವಮಾನ, ದೊಡ್ಡವರದು ಕೊಟ್ಟರೆ ಭಾರ. ಜೊತೆಗೆ ಮನೆಯಲ್ಲಿ "ಮೊದ್ಲು ಸ್ಕೂಲ್ ಬುಕ್ ಓದು, ಆಮೇಲೆ ಕತೆ" ಅನ್ನುವ ಮಾತು. ಆ 'ಆಮೇಲೆ' ಬರುವುದೇ ಇಲ್ಲ. ಹತ್ತನೇ ಕ್ಲಾಸಿಗೆ ಬಂದಾಗ ಅದೇ ಹುಡುಗನಿಗೆ ಸಮಾಜ ವಿಜ್ಞಾನದ ಒಂದು ಪುಟವನ್ನು ನಿಲ್ಲಿಸದೆ ಓದಲು ಆಗುವುದಿಲ್ಲ. ಸ್ಕೂಲ್ ಬುಕ್ ಓದುವ ದಮ್ಮು ಕತೆ ಪುಸ್ತಕದಿಂದಲೇ ಬರುವುದು ಅಂತ ಅಪ್ಪಂದಿರಿಗೆ ಹೇಳಿ ಹೇಳಿ ಸಾಕಾಗಿದೆ.

ಈ ವಯಸ್ಸಿಗೆ ನಾನು ಮೊದಲು ಕೊಡುವುದು ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕತೆಗಳು'. ಮೂಲ ಕತೆಗಳನ್ನು ಬರೆದ ಕೆನೆತ್ ಆಂಡರ್ಸನ್ ಬೆಂಗಳೂರಿನಲ್ಲಿದ್ದ ಬೇಟೆಗಾರ, ತೀರಿಕೊಂಡಿದ್ದು 1974ರಲ್ಲಿ. ತೇಜಸ್ವಿ ಅವುಗಳನ್ನು ನಾಲ್ಕು ಪುಸ್ತಕಗಳಾಗಿ ಕನ್ನಡಕ್ಕೆ ತಂದರು. ಒಂದರ ಹೆಸರು 'ಮುನಿಶಾಮಿ ಮತ್ತು ಮಾಗಡಿ ಚಿರತೆ'. ನಮ್ಮ ಊರು ಕುಣಿಗಲ್ ಸೀಮೆ, ಮಾಗಡಿ ನಮಗೆ ಪಕ್ಕದ ತಾಲೂಕು. ಮಾಗಡಿ ಬೆಟ್ಟ ಅಂದರೆ ನಮ್ಮ ಮಕ್ಕಳಿಗೆ ಬಸ್ಸಿನ ಕಿಟಕಿಯಲ್ಲಿ ಕಾಣುವ ಬೆಟ್ಟ. ಚಿರತೆಯಂತೂ ಕತೆಯೇ ಅಲ್ಲ. ವರ್ಷಕ್ಕೊಂದು ಸಲವಾದರೂ ಯಾರದೋ ನಾಯಿ, ಯಾರದೋ ಮೇಕೆ ಹೋಗಿರುತ್ತದೆ, ತೋಟದ ಹತ್ತಿರ ಬೋನು ಬಂದು ಕೂತಿರುತ್ತದೆ.

ಇಂಥ ಮಕ್ಕಳಿಗೆ ಈ ಪುಸ್ತಕ ಕೊಟ್ಟರೆ ಓದುವ ರೀತಿಯೇ ಬೇರೆ. "ಅಕ್ಕ, ಮರದ ಮೇಲೆ ಕೂತ್ರೆ ಚಿರತೆ ಹತ್ತಲ್ವಾ? ಅದು ಹತ್ತುತ್ತಲ್ಲ" ಅಂತ ಜಗಳಕ್ಕೇ ಬರುತ್ತಾರೆ. ಮುನಿಶಾಮಿ ಎಂಬ ಕಿಲಾಡಿಯನ್ನು ನೋಡಿ ನಮ್ಮೂರಲ್ಲಿ ಅಂಥವರು ಯಾರು ಯಾರು ಅಂತ ಪಟ್ಟಿ ಮಾಡುತ್ತಾರೆ. ಪಟ್ಟಿ ಇಲ್ಲಿ ಬರೆಯುವ ಹಾಗಿಲ್ಲ.

ದೂರದ ದೇಶದ ಕಡಲುಗಳ್ಳರ ಕತೆ ಕೆಟ್ಟದ್ದು ಅಂತಲ್ಲ. ಮೊದಲ ಸಾಹಸ ಮಗುವಿನ ಕಾಲಿಗೆ ಗೊತ್ತಿರುವ ನೆಲದ ಮೇಲೆ ನಡೆದರೆ ಅದು ಪುಸ್ತಕವನ್ನು ನಂಬುತ್ತದೆ. ನಂಬಿಕೆ ಬಂದ ಮೇಲೆ ಸೈಬೀರಿಯಾಕ್ಕೆ ಕರೆದುಕೊಂಡು ಹೋಗಿ, ಬರುತ್ತದೆ.

ಇದರ ಮುಂದಿನ ಮೆಟ್ಟಿಲು 'ರುದ್ರಪ್ರಯಾಗದ ಭಯಾನಕ ನರಭಕ್ಷಕ'. ಜಿಮ್ ಕಾರ್ಬೆಟ್ 1948ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಕನ್ನಡಕ್ಕೆ ತಂದವರು ತೇಜಸ್ವಿಯೇ. ಕೇದಾರ, ಬದರಿಗೆ ಹೋಗುವ ಯಾತ್ರಿಕರ ದಾರಿಯಲ್ಲಿ ಒಂದೇ ಚಿರತೆ ಎಂಟು ವರ್ಷ ಜನರನ್ನು ತಿಂದಿತ್ತು. ಸರ್ಕಾರದ ಲೆಕ್ಕಕ್ಕೆ ಸಿಕ್ಕಿದ್ದೇ 125 ಜನ. 1926ರಲ್ಲಿ ಕಾರ್ಬೆಟ್ ಅದನ್ನು ಕೊಂದರು. ಪುಸ್ತಕ ಹಿಡಿದರೆ ಬಿಡಿಸುವುದಿಲ್ಲ. ಆದರೆ ಇಲ್ಲಿ ನಾನು ವಯಸ್ಸು ನೋಡುತ್ತೇನೆ, ಹದಿಮೂರು ಆಗಿರಲಿ ಅನ್ನುತ್ತೇನೆ.

ಕಾರಣ, ಅದರಲ್ಲೊಂದು ಪ್ರಸಂಗವಿದೆ. ಹದಿನಾಲ್ಕು ವರ್ಷದ ಒಬ್ಬ ಅನಾಥ ಹುಡುಗ ನಲವತ್ತು ಮೇಕೆ ಕಾಯುತ್ತಿರುತ್ತಾನೆ. ರಾತ್ರಿ ಆ ಮೇಕೆಗಳ ಜೊತೆಯಲ್ಲೇ ಒಂದು ಚಿಕ್ಕ ಕೋಣೆಯಲ್ಲಿ ಮಲಗುತ್ತಾನೆ. ಚಿರತೆ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತದೆ. ನಲವತ್ತು ಮೇಕೆಗಳಲ್ಲಿ ಒಂದನ್ನೂ ಮುಟ್ಟದೆ ದಾಟಿಕೊಂಡು ಹೋಗಿ ಹುಡುಗನನ್ನು ಹಿಡಿಯುತ್ತದೆ.

ಪೇಟೆಯ ಮಗು ಇದನ್ನು ಓದಿ "ಅಯ್ಯೋ" ಅನ್ನಬಹುದು. ಕುರಿ ರೊಪ್ಪದ ಪಕ್ಕ ಮಲಗುವ ಮಗುವಿಗೆ ಇದು ಬೇರೆಯೇ. ನಮ್ಮ ಬೀದಿಯ ಎಂಟನೇ ಕ್ಲಾಸಿನ ಹುಡುಗ, ರಜೆಯಲ್ಲಿ ಅಪ್ಪನ ಜೊತೆ ಕುರಿ ಕಾಯುವವನು, ಆ ಪುಟ ಓದಿ ಪುಸ್ತಕ ಮುಚ್ಚಿ ನಮ್ಮ ಜಗಲಿಯ ಮೇಲಿಟ್ಟು ಹೋದ. ನಾಲ್ಕು ದಿನ ಈ ಕಡೆ ಬರಲಿಲ್ಲ. ಐದನೇ ದಿನ ಬಂದವನು ಕೇಳಿದ್ದು ಒಂದೇ ಪ್ರಶ್ನೆ: "ಆ ರೂಮಿಗೆ ಚಿಲಕ ಇರ್ಲಿಲ್ವಾ ಅಕ್ಕ?" ನಾವಿಬ್ಬರೂ ಆ ಪುಟವನ್ನು ಮತ್ತೆ ಓದಿದೆವು. ಆಮೇಲೆ ಅವನು ಅಪ್ಪನಿಗೆ ಹೇಳಿ ರೊಪ್ಪದ ಬಾಗಿಲಿಗೆ ಹೊಸ ತಂತಿ ಕಟ್ಟಿಸಿದ. ಪುಸ್ತಕವನ್ನೂ ಮುಗಿಸಿದ.

ಮಕ್ಕಳು ಹೆದರಿ ಪುಸ್ತಕ ಬಿಟ್ಟರೆ ಬಲವಂತ ಮಾಡಬೇಡಿ, "ಇಷ್ಟಕ್ಕೆಲ್ಲ ಹೆದರ್ತಾರಾ" ಅಂತ ಹಂಗಿಸಲೂಬೇಡಿ. ಪುಸ್ತಕ ಕಣ್ಣಿಗೆ ಕಾಣುವ ಜಾಗದಲ್ಲಿರಲಿ. ಹಾಗಂತ ಭಯದ ಪುಟಗಳನ್ನೆಲ್ಲ ತೆಗೆದುಹಾಕಿದ 'ಸಂಕ್ಷಿಪ್ತ ಮಕ್ಕಳ ಆವೃತ್ತಿ' ಕೊಡುವುದೂ ನನಗೆ ಇಷ್ಟವಿಲ್ಲ. ಉಪ್ಪು, ಖಾರ ತೆಗೆದ ಸಾರನ್ನು ಒಂದು ವಯಸ್ಸಿನವರೆಗೆ ಉಣ್ಣಿಸಬಹುದು, ಆಮೇಲೆ ಅವರು ತಟ್ಟೆ ತಳ್ಳುತ್ತಾರೆ.

ಬೇಟೆ ಪುಸ್ತಕ ಕೊಡುವಾಗ ಒಂದು ಮಾತು ಹೇಳಲೇಬೇಕು. ಇವು ಹಳೆ ಕಾಲದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇಂಥ ಬೇಟೆ ಅಪರಾಧ. ಹಾಗೆ ನೋಡಿದರೆ ಕಾರ್ಬೆಟ್ ಮುಂದೆ ಬಂದೂಕು ಬಿಟ್ಟು ಕ್ಯಾಮೆರಾ ಹಿಡಿದವರು, ಅವರ ಹೆಸರಿನಲ್ಲೇ ಒಂದು ರಾಷ್ಟ್ರೀಯ ಉದ್ಯಾನ ಇದೆ. ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಉರುಳು ಹಾಕುವ ದೊಡ್ಡವರಿಗೆ ಅರ್ಥ ಮಾಡಿಸುವುದೇ ಕಷ್ಟ.

ಬಂದೂಕು ಬೇಡ ಅನ್ನುವ ಮನೆಗಳಿಗೆ 'ಪರಿಸರದ ಕತೆ' ಇದೆ. ಮೂಡಿಗೆರೆ ಕಡೆಯ ತೋಟ, ಕಾಡು, ಮಾಸ್ತಿ, ಬೈರ, ಕಿವಿ ಎಂಬ ನಾಯಿ. ಒಂದೊಂದು ಅಧ್ಯಾಯ ಒಂದೊಂದು ಕತೆ, ಎಲ್ಲಿಂದ ಬೇಕಾದರೂ ಓದಬಹುದು. ಹನ್ನೆರಡು ವರ್ಷಕ್ಕೆ ಸರಿಯಾಗುತ್ತದೆ. ನಮ್ಮ ಬಯಲುಸೀಮೆ ಮಕ್ಕಳಿಗೆ ಮಲೆನಾಡೇ ಒಂದು ಪರದೇಶ. ಇಂಬಳ ಅಂದರೆ ಏನು, ಅದು ಕಚ್ಚಿದರೆ ಗೊತ್ತೇ ಆಗಲ್ವಾ, ಮಳೆ ತಿಂಗಳುಗಟ್ಟಲೆ ಬರುತ್ತಾ ಅಂತ ಕೇಳುತ್ತಾರೆ. ಬೋರ್‌ವೆಲ್ ಬತ್ತಿದ ಊರಿನ ಮಗು ಕೊನೆಯ ಪ್ರಶ್ನೆಯನ್ನು ಕೇಳುವಾಗ ಅದರ ಮುಖ ನೋಡಬೇಕು.

'ಕರ್ವಾಲೋ' ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ. 1980ರ ಈ ಕಾದಂಬರಿಯನ್ನು ಡಿಗ್ರಿಯಲ್ಲಿ ಪಾಠ ಅಂತ ಓದಿದವರು ಬಹಳ, ಹದಿನಾಲ್ಕನೇ ವಯಸ್ಸಿನಲ್ಲಿ ಸಾಹಸ ಅಂತ ಓದಿದವರು ಕಡಿಮೆ. ಅದು ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಕತೆ. ಅಲ್ಲಿ ಮಂದಣ್ಣ ಅಂತ ಒಬ್ಬನಿದ್ದಾನೆ. ಊರಿನವರ ಲೆಕ್ಕದಲ್ಲಿ ಕೆಲಸಕ್ಕೆ ಬಾರದವನು. ಒಂದು ಸರ್ಕಾರಿ ಕೆಲಸ ಸಿಕ್ಕರೆ ಸಾಕು, ಮದುವೆಯಾದರೆ ಸಾಕು ಅಂತ ಓಡಾಡುವವನು. ವಿಜ್ಞಾನಿ ಕರ್ವಾಲೋ ಮಾತ್ರ ಅವನನ್ನು ಜೊತೆಗಾರನ ಹಾಗೆ ನೋಡುತ್ತಾರೆ, ಏಕೆಂದರೆ ಜೇನು, ಹುಳ, ಕಾಡು ಅವನಿಗೆ ಗೊತ್ತಿದೆ, ಆ ಓತಿಯನ್ನು ಕಣ್ಣಾರೆ ಕಂಡವನು ಅವನೇ.

ಓದಿನಲ್ಲಿ ಹಿಂದೆ, ಹೊಲದಲ್ಲಿ ಮುಂದೆ ಅನ್ನಿಸಿಕೊಂಡ ಹುಡುಗ ಪ್ರತಿ ಊರಲ್ಲೂ ಇರುತ್ತಾನೆ. ಅವನ ಕೈಗೆ ಈ ಪುಸ್ತಕ ಕೊಡಿ. ಮೊದಲ ಕೆಲವು ಪುಟ ನಿಧಾನ, ಅಲ್ಲಿಯವರೆಗೆ ಯಾರಾದರೂ ಜೊತೆಗೆ ಕೂತು ಓದಿ. ಜೇನುಹುಳ ಬಂದ ಮೇಲೆ ಅವನೇ ಕಿತ್ತುಕೊಳ್ಳುತ್ತಾನೆ. ಕೊನೆಗೆ ಓತಿ ಸಿಕ್ಕಿತಾ ಇಲ್ಲವಾ ಅಂತ ನಾನು ಹೇಳುವುದಿಲ್ಲ, ಓದಿದವರು ದಯವಿಟ್ಟು ನೀವೂ ಹೇಳಬೇಡಿ.

ಉದ್ದದ ಕಾದಂಬರಿ ಹಿಡಿಯದವರಿಗೆ ತೇಜಸ್ವಿಯವರ ಮಿಲೆನಿಯಂ ಸರಣಿಯ ಚಿಕ್ಕ ಪುಸ್ತಕಗಳಿವೆ: 'ಅಡ್ವೆಂಚರ್', 'ಜೀವನ ಸಂಗ್ರಾಮ', 'ಪೆಸಿಫಿಕ್ ದ್ವೀಪಗಳು'. ಸುಮ್ಮನೆ ತಿರುಗಿಸುತ್ತಾ ಹೋದರೂ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ.

ಹದಿನೈದರ ಆಸುಪಾಸಿನವರಿಗೆ 'ಮಹಾಪಲಾಯನ'. ಸ್ಲಾವೊಮಿರ್ ರಾವಿಚ್ ಎಂಬ ಪೋಲೆಂಡ್ ಸೈನಿಕ 1956ರಲ್ಲಿ ಹೇಳಿದ ಕತೆ. ಸೈಬೀರಿಯಾದ ಸೆರೆಶಿಬಿರದಿಂದ ತಪ್ಪಿಸಿಕೊಂಡು, ಗೋಬಿ ಮರುಭೂಮಿ ದಾಟಿ, ಹಿಮಾಲಯ ಹತ್ತಿ ಇಂಡಿಯಾಕ್ಕೆ ನಡೆದು ಬರುವುದು. ಸುಮಾರು 6,500 ಕಿಲೋಮೀಟರ್. ಓದಿ ಮುಗಿಸಿದ ಮಕ್ಕಳೆಲ್ಲ ಕೇಳುವುದು ಒಂದೇ: "ನಿಜವಾ?"

ಇಲ್ಲಿ ನಮ್ಮ ಪತ್ರಕರ್ತರ ಬುದ್ಧಿ ಉಪಯೋಗಕ್ಕೆ ಬರುತ್ತದೆ. 2006ರಲ್ಲಿ ಬಿಬಿಸಿ ರೇಡಿಯೋದವರು ಹಳೆ ದಾಖಲೆಗಳನ್ನು ಹುಡುಕಿಸಿದಾಗ, ರಾವಿಚ್ ತಪ್ಪಿಸಿಕೊಳ್ಳಲಿಲ್ಲ, 1942ರಲ್ಲಿ ಕ್ಷಮಾದಾನದಲ್ಲಿ ಬಿಡುಗಡೆಯಾದ ಅಂತ ತೋರಿಸುವ ಕಾಗದ ಸಿಕ್ಕಿತು. ಇದನ್ನು ಪುಸ್ತಕ ಮುಗಿದ ಮೇಲೆ ಹೇಳಿ, ಮೊದಲೇ ಹೇಳಿ ಕೆಡಿಸಬೇಡಿ. ಒಬ್ಬ ಹುಡುಗ ಸಿಟ್ಟಾಗಿ "ಮೋಸ" ಅಂದ. ಇನ್ನೊಬ್ಬ "ಬೇರೆ ಯಾರೋ ನಡೆದಿರಬೇಕು, ಇವನು ಕೇಳಿಸಿಕೊಂಡು ಬರೆದಿರಬೇಕು" ಅಂದ. ಅರ್ಧ ಗಂಟೆ ವಾದ ನಡೆಯಿತು. ವಾಟ್ಸಾಪಿಗೆ ಬಂದದ್ದನ್ನೆಲ್ಲ ಫಾರ್ವರ್ಡ್ ಮಾಡುವ ವಯಸ್ಸಿನಲ್ಲಿ ಇಂಥದ್ದೊಂದು ಜಗಳ ಆಗುವುದು ಒಳ್ಳೆಯದೇ.

ನಿಜವೇ ಬೇಕು ಅನ್ನುವವರಿಗೆ ಕೃಪಾಕರ-ಸೇನಾನಿ ಅವರ 'ಸೆರೆಯಾದ ದಿನಗಳು' ಕೊಡಿ. ಈ ಇಬ್ಬರು ವನ್ಯಜೀವಿ ಛಾಯಾಗ್ರಾಹಕರನ್ನು 1997ರಲ್ಲಿ ವೀರಪ್ಪನ್ ಹಿಡಿದುಕೊಂಡು ಹೋಗಿ ಎರಡು ವಾರ ಕಾಡಿನಲ್ಲಿ ಇಟ್ಟುಕೊಂಡಿದ್ದ. ಅಲ್ಲಿ ಭಯದ ಜೊತೆ ನಗುವೂ ಇದೆ.

ಇಷ್ಟು ಹೊತ್ತು ನಾನು ಹೇಳಿದ ಪುಸ್ತಕಗಳನ್ನು ಇನ್ನೊಮ್ಮೆ ನೋಡಿ. ಮರದ ಮೇಲೆ ಕೂತವನು, ನಡೆದವನು, ಸೆರೆಯಾದವನು, ಹುಡುಕಿದವನು, ಬಹುತೇಕ ಎಲ್ಲ ಗಂಡಸರೇ. ಒಬ್ಬಳು ಹುಡುಗಿ ನನ್ನನ್ನು ನೇರವಾಗಿಯೇ ಕೇಳಿದಳು: "ಹೆಣ್ಮಕ್ಳು ಕಾಡಿಗೆ ಹೋಗೋ ಪುಸ್ತಕ ಇಲ್ವಾ ಅಕ್ಕ?" ಸೌದೆಗೆ, ಮೇವಿಗೆ ಗುಡ್ಡಕ್ಕೆ ಹೋಗುವವರು ನಮ್ಮಲ್ಲಿ ಹೆಚ್ಚು ಹೆಂಗಸರೇ. ಪುಸ್ತಕದಲ್ಲಿ ಮಾತ್ರ ಅವರು ಲಾಟೀನು ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಕನ್ನಡದ ಸಾಹಸ ಪುಸ್ತಕಗಳಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದು.

ಇರುವುದರಲ್ಲಿ ನಾನು ಧೈರ್ಯವಾಗಿ ಹೇಳುವುದು ನೇಮಿಚಂದ್ರ ಅವರ 'ಪೆರುವಿನ ಪವಿತ್ರ ಕಣಿವೆಯಲ್ಲಿ'. ಪ್ರವಾಸ ಕಥನ, ಹದಿನೈದು ದಾಟಿದವರಿಗೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ದಕ್ಷಿಣ ಅಮೆರಿಕದ ಪೆರುವಿಗೆ, ಮಾಚು ಪಿಚುವಿಗೆ ಹೋಗಿ ಬರುವುದು. ಅದಕ್ಕೂ ಚಿಕ್ಕವರಿಗೆ ಪುಸ್ತಕ ಸಿಗದಿದ್ದರೆ ಬಾಯಲ್ಲಾದರೂ ಹೇಳಿ. ಬಚೇಂದ್ರಿ ಪಾಲ್ ಉತ್ತರಕಾಶಿ ಕಡೆಯ ಹಳ್ಳಿ ಹುಡುಗಿ. 1984ರ ಮೇ ತಿಂಗಳಲ್ಲಿ ಎವರೆಸ್ಟ್ ಹತ್ತುವಾಗ ನಡುರಾತ್ರಿ ಹಿಮ ಕುಸಿದು ಅವರ ಟೆಂಟನ್ನೇ ಹೂತುಹಾಕಿತು. ತಲೆಗೆ ಪೆಟ್ಟಾಗಿತ್ತು. ಕೆಲವರು ಕೆಳಗಿಳಿದರು, ಅವರು ಇಳಿಯಲಿಲ್ಲ. ಮೇ 23ಕ್ಕೆ ತುದಿ ಮುಟ್ಟಿದರು. ಇದನ್ನು ಹತ್ತು ವರ್ಷದ ಮಗುವಿಗೆ ಮಲಗುವಾಗ ಹೇಳಬಹುದು.

ನನ್ನನ್ನು ಕೇಳಿದ ಆ ಹುಡುಗಿ ಆಗ ಹತ್ತನೇ ಕ್ಲಾಸು ಪಾಸಾಗಿ ಮನೆಯಲ್ಲಿದ್ದಳು. ಪಿಯು ಕಾಲೇಜು ಇರುವುದು ತಾಲೂಕು ಕೇಂದ್ರದಲ್ಲಿ. ಸಂಜೆ ಬಸ್ಸು ತಪ್ಪಿದರೆ ಕತ್ತಲಾಗುತ್ತದೆ ಅಂತ ಮನೆಯಲ್ಲಿ ಎರಡು ಮಾತು ನಡೆದಿತ್ತು. ಪೆರು ಪುಸ್ತಕವನ್ನು ಒಂದು ವಾರ ಓದಿದಳು. "ಇವರನ್ನ ಮನೇಲಿ ಹೆಂಗೆ ಬಿಟ್ರು ಅಕ್ಕ?" ಅಂದಳು. ಅವಳಪ್ಪ ಒಂದು ಸಂಜೆ "ಏನೋದ್ತಿದ್ದೀಯವ್ವ?" ಅಂದರಂತೆ. "ಪೆರು" ಅಂದಳಂತೆ. "ಅದೆಲ್ಲೈತೆ?" ಅಂದಾಗ ಹಳೆ ಸಮಾಜ ವಿಜ್ಞಾನದ ಪುಸ್ತಕ ತಂದು ನಕ್ಷೆಯಲ್ಲಿ ತೋರಿಸಿದ್ದಾಳೆ. ಅಪ್ಪ ಬಹಳ ಹೊತ್ತು ನೋಡಿದರಂತೆ. ಕಾಲೇಜಿನ ಊರು ಆ ನಕ್ಷೆಯಲ್ಲಿ ಚುಕ್ಕೆಯಾಗಿಯೂ ಇರಲಿಲ್ಲ.

ಅವಳು ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ಪುಸ್ತಕದಿಂದಲೇ ಆಯಿತು ಅಂತ ನಾನು ಹೇಳಲಾರೆ. ಪಕ್ಕದ ಊರಿನ ಇನ್ನಿಬ್ಬರು ಹುಡುಗಿಯರು ಅದೇ ಬಸ್ಸಿಗೆ ಸೇರಿದ್ದು ದೊಡ್ಡ ಕಾರಣ.

ಪುಸ್ತಕ ಎಲ್ಲಿಂದ ತರುವುದು ಅಂತ ಕೇಳುವವರಿಗೆ: ಮೊದಲು ನಿಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ, ಈಗ 'ಅರಿವು ಕೇಂದ್ರ' ಅಂತಲೂ ಕರೆಯುತ್ತಾರೆ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದಾಗಿನಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಕೆಲವು ಕಡೆ ಒಳ್ಳೆಯ ಪುಸ್ತಕಗಳು ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತವೆ, "ಮಕ್ಳು ಹರಿದು ಹಾಕ್ತಾರೆ" ಅಂತ. ಹರಿಯಲಿ ಬಿಡಿ, ಓದಿದ ಗುರುತು ಅದು. ಬೀಗ ತೆಗೆಸಿ. ಅಲ್ಲಿ ಸಿಗದಿದ್ದರೆ ನಾಲ್ಕು ಮನೆಯವರು ಸೇರಿ ಕೊಳ್ಳಿ, ಒಂದೊಂದು ಮನೆ ಒಂದೊಂದು ಪುಸ್ತಕ. ಓದಿ ಮುಗಿಸಿದ ಮಗುವನ್ನು "ನೀತಿ ಏನು?" ಅಂತ ಮಾತ್ರ ಕೇಳಬೇಡಿ. ಎಲ್ಲಿ ಹೆದರಿದೆ ಅಂತ ಕೇಳಿ, ತಾನಾಗಿ ಪೂರ್ತಿ ಕತೆ ಹೇಳುತ್ತದೆ.

ಕೊನೆಯದಾಗಿ ಒಂದು, ಹದಿನಾರು ದಾಟಿದವರಿಗೆ ಮಾತ್ರ: 'ಪರ್ವತದಲ್ಲಿ ಪವಾಡ', ಸಂಯುಕ್ತಾ ಪುಲಿಗಲ್ ಅನುವಾದ. 1972ರ ಅಕ್ಟೋಬರ್ 13ರಂದು ಉರುಗ್ವೆಯ ರಗ್ಬಿ ಆಟಗಾರರಿದ್ದ ವಿಮಾನ ಆಂಡೀಸ್ ಪರ್ವತದ ಹಿಮದಲ್ಲಿ ಬಿತ್ತು. ಒಳಗಿದ್ದವರು 45, ಎಪ್ಪತ್ತೆರಡು ದಿನದ ನಂತರ ಬದುಕಿ ಬಂದವರು 16. ಹುಡುಕಾಟ ನಿಲ್ಲಿಸಿದ ಸುದ್ದಿಯನ್ನು ಅವರೇ ರೇಡಿಯೋದಲ್ಲಿ ಕೇಳಿಸಿಕೊಂಡರು. ಸತ್ತ ಗೆಳೆಯರ ಮಾಂಸ ತಿಂದು ಉಳಿಯಬೇಕಾಯಿತು. ಅದಕ್ಕೇ ವಯಸ್ಸಿನ ಮಾತು ಹೇಳಿದ್ದು. ಕೊನೆಗೆ ಇಬ್ಬರು ಹತ್ತು ದಿನ ನಡೆದು ಬೆಟ್ಟ ದಾಟಿದರು, ನದಿಯಾಚೆ ಕುದುರೆ ಮೇಲಿದ್ದ ಒಬ್ಬ ದನಗಾಹಿ ಅವರನ್ನು ಕಂಡ. ಕಲ್ಲಿಗೆ ಚೀಟಿ ಕಟ್ಟಿ ಎಸೆದು ಮಾತಾಡಿಕೊಂಡರು.

ನನ್ನ ಪ್ರತಿ ಈಗ ನನ್ನ ಹತ್ತಿರ ಇಲ್ಲ. ಕಾಲೇಜಿನ ಆ ಹುಡುಗಿ ಬಸ್ಸಿನಲ್ಲಿ ಓದುತ್ತಿದ್ದಾಗ ಕಂಡಕ್ಟರ್ ನೋಡಿ, "ನೀನು ಮುಗಿಸಿದ್ಮೇಲೆ ನಂಗೆ ಕೊಡವ್ವ" ಅಂದಿದ್ದರಂತೆ. ಕೊಟ್ಟು ಇಪ್ಪತ್ತು ದಿನವಾಯಿತು. ಮೊನ್ನೆ ನಾನೇ ಬಸ್ಸು ಹತ್ತಿ ಕೇಳಿದೆ. ಟಿಕೆಟ್ ಹರಿದು ಕೊಡುತ್ತಾ, "ಇರಿ ಮೇಡಂ, ಇನ್ನೂ ಹಿಮದಲ್ಲೇ ಅವ್ರೆ" ಅಂದರು.